ಎರಡು ಕುದುರೆಗಳ ದಂಡು

ಕ್ಯಾನ್‌ಬೆರಾದ ಆನ್ಜಾಕ್ ಪೆರೇಡನ್ನು ಟೀಕಿಸಿ ಬರೆದದ್ದನ್ನು ಕನ್ನಡದಲ್ಲಂತೂ ನಾನು ಓದಿಲ್ಲ. ಮಗನ ಮನೆಗೋ ಮಗಳ ಬಾಣಂತನಕ್ಕೋ ಆಸ್ಟ್ರೇಲಿಯಕ್ಕೆ ಹೋಗಿಬಂದ ನಮ್ಮವರ ಪ್ರವಾಸಕಥನಗಳಲ್ಲಿ ಸಿಡ್ನಿಯ ಒಪೆರಾ ಹೌಸು, ಕಾಂಗರೂ, ಪೆಂಗ್ವಿನ್ನು ಎಲ್ಲ ಮುಗಿದ ಮೇಲೆ ರಾಜಧಾನಿಗೆ ಒಂದು ಅಧ್ಯಾಯ. ಅದರಲ್ಲಿ ಒಂದು ಪುಟ ಈ ರಸ್ತೆಗೆ. ಎಂಥ ಅಚ್ಚುಕಟ್ಟು, ಸತ್ತ ಸೈನಿಕರಿಗೆ ಎಂಥ ಮರ್ಯಾದೆ, ನಮ್ಮವರಿಗೆ ಯಾವಾಗ ಬರುತ್ತದೋ ಈ ಬುದ್ಧಿ. ಅಲ್ಲಿಗೆ ಪುಟ ಮುಗಿಯಿತು. ಆಸ್ಟ್ರೇಲಿಯದಲ್ಲಿ ವಾಸ್ತುಶಿಲ್ಪದ ಬಗ್ಗೆ ಬರೆಯುವವರ ಧಾಟಿ ಇದಕ್ಕಿಂತ ನಯವಾದದ್ದು: ಸಂಯಮ, ಸರಳತೆ, ವಿಜಯದ ಅಬ್ಬರವಿಲ್ಲದ ಶೋಕ. ಧಾಟಿ ಬೇರೆ, ತೀರ್ಪು ಒಂದೇ. ಅದರಲ್ಲಿ ಅರ್ಧವನ್ನು ನಾನೂ ಒಪ್ಪುತ್ತೇನೆ. ಆದರೆ ಆ ಅರ್ಧ ಸಲ್ಲಬೇಕಾದದ್ದು ರಸ್ತೆಗೆ, ಅದರ ಇಕ್ಕೆಲದಲ್ಲಿ ನಿಂತಿರುವ ಸ್ಮಾರಕಗಳಿಗಲ್ಲ. ಅವುಗಳಲ್ಲಿ ಹೆಚ್ಚಿನವುಗಳ ಮೌನವನ್ನು ಸಂಯಮವೆಂದು ಕರೆಯಲಾಗುತ್ತಿದೆ. ನನಗೆ ಅದು ಜಾಣತನದ ಮೌನವಾಗಿ ಕಾಣುತ್ತದೆ.

ರಸ್ತೆಯ ಮಾತು ಮೊದಲು. ಏನ್ಸ್‌ಲಿ ಗುಡ್ಡದ ಬುಡದಲ್ಲಿ ಯುದ್ಧ ಸ್ಮಾರಕ. ಅಲ್ಲಿಂದ ಒಂದೇ ಗೆರೆಯಲ್ಲಿ ಇಳಿದರೆ ಸರೋವರ, ಅದರಾಚೆ ಹಳೆಯ ಸಂಸತ್ತು, ಅದರ ಹಿಂದೆ ಎತ್ತರದಲ್ಲಿ ಹೊಸ ಸಂಸತ್ತು. ವಾಲ್ಟರ್ ಬರ್ಲಿ ಗ್ರಿಫಿನ್ ಮತ್ತು ಮೇರಿಯನ್ ಮಹೋನಿ ದಂಪತಿಗೆ 1912ರಲ್ಲಿ ಸ್ಪರ್ಧೆ ಗೆದ್ದುಕೊಟ್ಟ ನಕ್ಷೆಯ ಬೆನ್ನೆಲುಬೇ ಈ ಗೆರೆ. (ಗ್ರಿಫಿನ್ ತೀರಿಕೊಂಡದ್ದು 1937ರಲ್ಲಿ, ನಮ್ಮ ಲಖನೌದಲ್ಲಿ. ಸಮಾಧಿ ಅಲ್ಲೇ ಇದೆ. ಅದು ಬೇರೆಯದೇ ಲೇಖನ.) ಆ ನಕ್ಷೆಯಲ್ಲಿ ಗುಡ್ಡದ ಬುಡದಲ್ಲಿ ಯುದ್ಧ ಸ್ಮಾರಕವಿರಲಿಲ್ಲ. ಅಲ್ಲಿ ಜನರ ವಿಹಾರಕ್ಕೆಂದು ಒಂದು ಕ್ಯಾಸಿನೊ ಬರಬೇಕಿತ್ತು. ಜೂಜುಕಟ್ಟೆಯಲ್ಲ, ಊರಿನವರು ಸಂಜೆ ಬಂದು ಹೊತ್ತು ಕಳೆಯುವ ಜಾಗ. ಟರ್ಕಿಯ ಗ್ಯಾಲಿಪೊಲಿ ಯುದ್ಧದಿಂದ ಮರಳಿದ ವರದಿಗಾರ ಚಾರ್ಲ್ಸ್ ಬೀನ್‌ನಂಥವರ ಒತ್ತಾಸೆಯಿಂದ ಅದೇ ಜಾಗದಲ್ಲಿ 1941ರ ನವೆಂಬರ್ 11ರಂದು ಯುದ್ಧ ಸ್ಮಾರಕ ತೆರೆಯಿತು. ಪೆರೇಡ್ ತೆರೆದದ್ದು 1965ರ ಏಪ್ರಿಲ್ 25ಕ್ಕೆ, ಗ್ಯಾಲಿಪೊಲಿಯ ದಡಕ್ಕೆ ಆನ್ಜಾಕ್, ಅಂದರೆ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನ ಸೈನಿಕರು ಇಳಿದು 50 ವರ್ಷ ತುಂಬಿದ ದಿನ. ಸಂಜೆ ಕಳೆಯುವ ಜಾಗ ಹೀಗೆ ಶ್ರಾದ್ಧದ ಜಾಗವಾಯಿತು.

ಅದರ ಚೆಲುವನ್ನು ಅಲ್ಲಗಳೆಯಲಾರೆ. ನಡುವೆ ಇಟ್ಟಿಗೆ ಪುಡಿಮಾಡಿ ಹಾಸಿದ ಅಗಲವಾದ ಕೆಂಪು ಪಟ್ಟೆ; ಕಾಲಿಟ್ಟರೆ ಕರಕರ ಸದ್ದು. ಅದರ ಪಾತಿಗಳಲ್ಲಿ ನ್ಯೂಜಿಲೆಂಡಿನ ಹೀಬೆ ಗಿಡಗಳು, ಎರಡು ಬದಿಗೆ ಆಸ್ಟ್ರೇಲಿಯದ ನೀಲಗಿರಿ ಮರಗಳು. ನಮ್ಮಲ್ಲಿ ಅಂತರ್ಜಲ ಹೀರುವ ಮರವೆಂದು ಹೆಸರು ಕೆಡಿಸಿಕೊಂಡಿರುವ ನೀಲಗಿರಿ ತನ್ನ ತವರಿನಲ್ಲಿ ಎಷ್ಟು ಗಂಭೀರವಾಗಿ ನಿಲ್ಲುತ್ತದೆಂದು ನೋಡಬೇಕಾದರೆ ಇಲ್ಲಿಗೇ ಬರಬೇಕು. ಒಂದು ಕಿಲೋಮೀಟರಿಗೆ ತುಸು ಹೆಚ್ಚಿನ ಈ ಹಾದಿಯಲ್ಲಿ ಸ್ಮಾರಕಗಳನ್ನೆಲ್ಲ ತೆಗೆದುಹಾಕಿದರೂ ನೋಟಕ್ಕೆ ಏನೂ ಕೊರತೆಯಾಗದು. ಇದು ಹೊಗಳಿಕೆ ಎಂದು ತಿಳಿದರೂ ಸರಿ, ದೂರು ಎಂದು ತಿಳಿದರೂ ಸರಿ.

ತೊಂದರೆ ಶುರುವಾಗುವುದು ಅಂಚಿನಲ್ಲಿ. ಮರಗಳ ಸಾಲಿನ ನಡುವೆ ಎದುರುಬದುರಾಗಿ, ಹೆಚ್ಚುಕಡಿಮೆ ಒಂದೇ ಅಳತೆಯ ಅಂಕಣಗಳು. ಒಂದೊಂದರಲ್ಲಿ ಒಂದೊಂದು ಸ್ಮಾರಕ. ಹೊಸ ಬಡಾವಣೆಯಲ್ಲಿ ಅರ್ಜಿ ಹಾಕಿದವರಿಗೆ ಸೈಟು ಹಂಚಿದ ಹಾಗೆ. ಮರುಭೂಮಿಯ ಅಶ್ವದಳಕ್ಕೆ 1968ರಲ್ಲಿ, ವಾಯುಪಡೆಗೆ 1973ರಲ್ಲಿ, ಟೊಬ್ರುಕ್ ಮುತ್ತಿಗೆಯಲ್ಲಿ ನಿಂತವರಿಗೆ 1983ರಲ್ಲಿ, ಟರ್ಕಿಯ ಕೆಮಾಲ್ ಅತಾತುರ್ಕ್‌ಗೆ 1985ರಲ್ಲಿ, ನೌಕಾಪಡೆಗೆ 1986ರಲ್ಲಿ, ಗ್ರೀಸಿನ ರಣಭೂಮಿಗೆ 1988ರಲ್ಲಿ, ಭೂಸೇನೆಗೆ 1989ರಲ್ಲಿ, ವಿಯೆಟ್ನಾಂಗೆ 1992ರಲ್ಲಿ, ದಾದಿಯರಿಗೆ 1999ರಲ್ಲಿ, ಕೊರಿಯಾಕ್ಕೆ 2000ದಲ್ಲಿ, ನ್ಯೂಜಿಲೆಂಡಿಗೆ 2001ರಲ್ಲಿ, ಶಾಂತಿಪಾಲಕರಿಗೂ ಬೋಅರ್ ಯುದ್ಧಕ್ಕೂ 2017ರಲ್ಲಿ. 1902ರಲ್ಲಿ ಮುಗಿದ ಯುದ್ಧಕ್ಕೆ ಉಳಿದ ಯುದ್ಧಗಳಿಗಿಂತ ಕೊನೆಗೆ ಜಾಗ ಸಿಕ್ಕಿದೆ; ಕೊರಿಯಾಕ್ಕಿಂತ ಮೊದಲು ವಿಯೆಟ್ನಾಂಗೆ ಸಿಕ್ಕಿದೆ. ಯಾವ ಸಂಘಕ್ಕೆ ಯಾವಾಗ ಬಲ ಬಂತೆಂದು ಈ ಪಟ್ಟಿಯಿಂದ ತಿಳಿಯುತ್ತದೆ. ಯಾವ ಯುದ್ಧ ಯಾಕೆ ನಡೆಯಿತು, ಯಾರ ನೆಲದಲ್ಲಿ, ಯಾರ ವಿರುದ್ಧ ನಡೆಯಿತು ಎಂಬುದು ತಿಳಿಯುವುದಿಲ್ಲ. ಒಂದು ಸೈಟು ಒಂದು ವೃತ್ತಿಗೆ, ಮತ್ತೊಂದು ಒಂದು ದೇಶಕ್ಕೆ, ಇನ್ನೊಂದು ಒಬ್ಬ ಮನುಷ್ಯನಿಗೆ. ಈ ಕಲಬೆರಕೆಯನ್ನು ಒಂದೇ ಅಳತೆಯ ಅಂಕಣ ಮುಚ್ಚಿಹಾಕುತ್ತದೆ. ಅಭಿಮಾನಿಗಳು ಅದನ್ನೇ ಸಮಾನತೆ ಎನ್ನುತ್ತಾರೆ.

ನ್ಯಾಯಕ್ಕೆ ಹೇಳಬೇಕಾದ ಒಳ್ಳೆಯ ಮಾತೂ ಇದೆ, ಹೇಳಿ ಮುಗಿಸುತ್ತೇನೆ. ವಿಯೆಟ್ನಾಂ ಸ್ಮಾರಕದ ಮೂರು ಎತ್ತರದ ಕಾಂಕ್ರೀಟ್ ಫಲಕಗಳ ನಡುವೆ ಹೋಗಿ ನಿಂತರೆ ಒಂದು ಕಡೆ 1967ರ ಒಂದು ಛಾಯಾಚಿತ್ರ ಗೋಡೆಯಗಲ ಕಾಣುತ್ತದೆ: ಹೆಲಿಕಾಪ್ಟರುಗಳು, ಹತ್ತಲು ಕಾದಿರುವ ದಣಿದ ಹುಡುಗರು. ಇನ್ನೊಂದು ಗೋಡೆಯಲ್ಲಿ ಆ ಯುದ್ಧಕಾಲದ ಮಾತುಗಳು. ರಾಜಕಾರಣಿಯ ಹೇಳಿಕೆಯೂ ಸೈನಿಕನ ಆಡುಮಾತೂ ಅಕ್ಕಪಕ್ಕ. ತಲೆಯ ಮೇಲೆ ತೂಗುವ ಕಲ್ಲಿನ ಬಳೆಯೊಳಗೆ ಸತ್ತವರ ಹೆಸರುಗಳ ಸುರುಳಿ. ಆ ಯುದ್ಧದ ಬಗ್ಗೆ ಆಸ್ಟ್ರೇಲಿಯದ ಮನೆಮನೆಯಲ್ಲಿ ಜಗಳ ನಡೆದಿತ್ತೆಂಬ ಸುಳಿವು ಇಲ್ಲಿ ಸಿಗುತ್ತದೆ. ದಾದಿಯರ ಸ್ಮಾರಕದ ಗಾಜಿನ ಗೋಡೆಗಳಲ್ಲಿ ಕೈಬರಹದ ಸಾಲುಗಳಿವೆ. ಬೆಳಕು ಬಿದ್ದಾಗ ಚೆನ್ನಾಗಿ ಕಾಣುತ್ತವೆ. ಕೊರಿಯಾದ ಉಕ್ಕಿನ ಕಂಬಗಳ ಕಾಡು ಸಹ ಪರವಾಗಿಲ್ಲ. ನೌಕಾಪಡೆಯ ಕಂಚಿನ ಗೊಂದಲದ ಬಗ್ಗೆ ನಾನು ಏನೂ ಹೇಳುವುದಿಲ್ಲ.

ನನ್ನ ತಕರಾರು ಮುಖ್ಯವಾಗಿ ಪಟ್ಟಿಯ ಮೊದಲ ಹೆಸರಿನದು. ಡೆಸರ್ಟ್ ಮೌಂಟೆಡ್ ಕೋರ್ ಮೆಮೋರಿಯಲ್. ಪೆರೇಡಿಗೆ ಬಂದವರೆಲ್ಲ ಮೆಚ್ಚುವ ಪ್ರತಿಮೆ ಇದು. ಕಾರಣ ಸುಲಭ: ಅಮೂರ್ತವಾದ ಕಂಬ, ಬಳೆ, ಗೋಡೆಗಳ ನಡುವೆ ಇಲ್ಲಿ ಕುದುರೆ ಕುದುರೆಯಂತೆಯೇ ಇದೆ, ಆಳು ಆಳಿನಂತೆಯೇ ಇದ್ದಾನೆ. ಪೀಠದ ಮೇಲೆ ಕಂಚಿನ ಎರಡು ಕುದುರೆ, ಇಬ್ಬರು ಸೈನಿಕರು. ಒಂದು ಕುದುರೆಗೆ ಗಾಯವಾಗಿದೆ. ಅದರ ಸವಾರ, ನ್ಯೂಜಿಲೆಂಡಿನವನು, ಇಳಿದು ಅದರ ಪಕ್ಕದಲ್ಲಿ ನಿಂತಿದ್ದಾನೆ. ಇನ್ನೊಂದು ಕುದುರೆಯ ಮೇಲಿರುವ ಆಸ್ಟ್ರೇಲಿಯದವನು ಅವನ ರಕ್ಷಣೆಗೆ ನುಗ್ಗಿದ್ದಾನೆ. ಶತ್ರು ಎಲ್ಲೂ ಇಲ್ಲ.

ಭಂಗಿಯನ್ನು ಸ್ವಲ್ಪ ಹೊತ್ತು ನೋಡಿ. ಈ ಅಶ್ವದಳದ ಕೀರ್ತಿಯೆಲ್ಲ ದಾಳಿಯದು. ಮೊದಲ ಮಹಾಯುದ್ಧದಲ್ಲಿ ತುರ್ಕರ ವಿರುದ್ಧ ಸೂಯೆಜ್ ಕಡೆಯಿಂದ ಹೊರಟು ಸೈನಾಯ್ ದಾಟಿ, ಪ್ಯಾಲೆಸ್ಟೈನ್ ಹಾದು ಸಿರಿಯದ ಉತ್ತರದ ಅಲೆಪ್ಪೊವರೆಗೆ ನುಗ್ಗಿದ ಪಡೆ ಅದು. 1917ರ ಅಕ್ಟೋಬರ್ 31ರಂದು ಬೀರ್‌ಶೆಬಾದ ಕಂದಕಗಳ ಮೇಲೆ ಹಾರಿದ ಕುದುರೆಗಳನ್ನು ಆಸ್ಟ್ರೇಲಿಯದ ಶಾಲಾಮಕ್ಕಳೂ ಬಲ್ಲರು. ಅಂಥ ದಂಡಯಾತ್ರೆಯ ಸ್ಮಾರಕಕ್ಕೆ ಶಿಲ್ಪಿ ಆರಿಸಿಕೊಂಡ ಕ್ಷಣ ದಾಳಿಯದಲ್ಲ, ರಕ್ಷಣೆಯದು. ನೋಡುವವನ ಕಣ್ಣಿಗೆ ಇಬ್ಬರೂ ಯಾರದೋ ಆಕ್ರಮಣಕ್ಕೆ ತುತ್ತಾದವರು. ಶತ್ರು ಚೌಕಟ್ಟಿನ ಹೊರಗಿರುವುದರಿಂದ ಅವನಿಗೆ ಮುಖವಿಲ್ಲ, ಊರಿಲ್ಲ, ಅಲ್ಲಿರಲು ಅವನಿಗೂ ಹಕ್ಕಿತ್ತೇ ಎಂಬ ಪ್ರಶ್ನೆಯೂ ಏಳುವುದಿಲ್ಲ. ಗೆದ್ದವರನ್ನು ಪೆಟ್ಟುತಿಂದವರ ಹಾಗೆ ಕಾಣಿಸುವ ಈ ಕೈಚಳಕವನ್ನೇ ಪೆರೇಡಿನ ಅಭಿಮಾನಿಗಳು ಅಬ್ಬರವಿಲ್ಲದ ಶೋಕ ಎನ್ನುತ್ತಿರುವುದು. ಶಿಲ್ಪಿ ವೆಬ್ ಗಿಲ್ಬರ್ಟ್ ಕೌಶಲವಿಲ್ಲದವನಲ್ಲ. 1925ರಲ್ಲಿ ಅವನು ತೀರಿಕೊಂಡ ಮೇಲೆ ಕೆಲಸ ಮುಂದುವರಿಸಿದ ಪಾಲ್ ಮಾಂಟ್‌ಫರ್ಡ್, ಬರ್ಟ್ರಮ್ ಮೆಕೆನಲ್ ಸಹ ಪಳಗಿದ ಕೈಗಳೇ. ಕೌಶಲವಿರುವುದರಿಂದಲೇ ಮೋಸ ಇಷ್ಟು ಸಲೀಸಾಗಿ ನಡೆದಿದೆ.

ಇನ್ನು ಹೆಸರಿನ ಹಿಂದಿರುವ ದಂಡಿಗೆ ಬರೋಣ. ಬ್ರಿಟಿಷ್ ಜನರಲ್ ಆಲೆನ್ಬಿ 1917ರಲ್ಲಿ ಕಟ್ಟಿದ ಈ ಕೋರಿನ ನಾಯಕ ಆಸ್ಟ್ರೇಲಿಯದ ಹ್ಯಾರಿ ಷೊವೆಲ್. 1918ರ ವಸಂತದಲ್ಲಿ ಜರ್ಮನರು ಫ್ರಾನ್ಸಿನಲ್ಲಿ ದೊಡ್ಡ ದಾಳಿ ಎಬ್ಬಿಸಿದಾಗ ಕೋರಿನಲ್ಲಿದ್ದ ಬ್ರಿಟಿಷ್ ಸವಾರರಲ್ಲಿ ಬಹಳಷ್ಟು ಮಂದಿಯನ್ನು ಅತ್ತ ಕಳಿಸಿ, ಅವರ ಜಾಗಕ್ಕೆ ಫ್ರಾನ್ಸಿನಲ್ಲಿದ್ದ ಭಾರತೀಯ ರಿಸಾಲೆಗಳನ್ನು ತರಿಸಿಕೊಂಡರು. ಅವುಗಳಿಂದ ಕಟ್ಟಿದ್ದೇ 4ನೇ ಮತ್ತು 5ನೇ ಕ್ಯಾವಲ್ರಿ ಡಿವಿಷನ್‌ಗಳು. ಮೊದಲಿನಿಂದ ಸೂಯೆಜ್ ಕಾಲುವೆಯ ಕಾವಲಿಗಿದ್ದ 15ನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡ್ 5ನೇ ಡಿವಿಷನ್ನಿಗೆ ಸೇರಿತು: ಹೈದರಾಬಾದ್, ಜೋಧಪುರ ಮತ್ತು ಮೈಸೂರಿನ ಲಾನ್ಸರ್‌ಗಳು. ಸೆಪ್ಟೆಂಬರ್‌ನಲ್ಲಿ ಮೆಗಿಡ್ಡೊ ಯುದ್ಧ ಶುರುವಾದಾಗ ಷೊವೆಲ್‌ನ ಕೈಕೆಳಗೆ ಮುನ್ನುಗ್ಗಿದ ಮೂರು ಡಿವಿಷನ್‌ಗಳಲ್ಲಿ ಎರಡು ಇವೇ. ಮೂರನೆಯದು ಆಸ್ಟ್ರೇಲಿಯದ್ದು. ನ್ಯೂಜಿಲೆಂಡಿನವರೋ? ಅವರ ಬ್ರಿಗೇಡನ್ನು ಬೇರೆ ಮಾಡಿ ಜೋರ್ಡಾನ್ ಕಣಿವೆಯಲ್ಲಿ ಜನರಲ್ ಚೇಟರ್‌ನ ವಶಕ್ಕೆ ಕೊಡಲಾಗಿತ್ತು.

ಅಂದರೆ ಈ ಕೋರಿನ ಅತಿದೊಡ್ಡ ದಂಡಯಾತ್ರೆಯಲ್ಲಿ ಅದರ ಜೊತೆಗೇ ಇರದಿದ್ದ ನ್ಯೂಜಿಲೆಂಡಿನವನು ಪೀಠದ ಮೇಲಿದ್ದಾನೆ. ಮೂರರಲ್ಲಿ ಎರಡು ಡಿವಿಷನ್ ತುಂಬಿಕೊಂಡಿದ್ದ ಪಂಜಾಬಿ, ರಜಪೂತ, ದಖ್ಖನಿ, ಮೈಸೂರಿನ ಸವಾರರು ಎಲ್ಲೂ ಇಲ್ಲ. ಪೀಠದ ಬರಹ ಯಾರು ಯಾರ ನೆನಪಿಗೆಂಬುದನ್ನು ಲೆಕ್ಕವಿಟ್ಟು ಹೇಳುತ್ತದೆ: ಆಸ್ಟ್ರೇಲಿಯದ ಲೈಟ್ ಹಾರ್ಸ್, ನ್ಯೂಜಿಲೆಂಡಿನ ಮೌಂಟೆಡ್ ರೈಫಲ್ಸ್, ಒಂಟೆಪಡೆ, ಆಸ್ಟ್ರೇಲಿಯದ ವಿಮಾನಪಡೆ, 1916ರಿಂದ 1918. ಮೈಸೂರು ಲಾನ್ಸರ್ಸ್ ಸೂಯೆಜ್ ಕಾಲುವೆಯ ದಡದಲ್ಲಿ ಕಾವಲು ನಿಂತಿದ್ದು ಆ ಲೆಕ್ಕ ತೆರೆಯುವ ಮೊದಲೇ, 1915ರ ಆರಂಭದಲ್ಲಿ. ಹೈಫಾ ಊರನ್ನು ಹಿಡಿದದ್ದು 1918ರ ಸೆಪ್ಟೆಂಬರ್ 23ರಂದು, ಜೋಧಪುರದವರು ಬಯಲಿನಿಂದ, ಮೈಸೂರಿನವರು ಕಾರ್ಮೆಲ್ ಬೆಟ್ಟದ ಕಡೆಯಿಂದ. ಜೋಧಪುರದ ಮೇಜರ್ ದಲಪತ್ ಸಿಂಗ್ ಸತ್ತದ್ದು ಅಲ್ಲೇ. ಅಕ್ಟೋಬರ್ 26ರಂದು ಅಲೆಪ್ಪೊದ ಉತ್ತರಕ್ಕೆ ಹರಿತಾನ್ ಬಳಿ ಕೊನೆಯ ದಾಳಿ ಮಾಡಿದವರೂ ಇದೇ ಎರಡು ಸಂಸ್ಥಾನಗಳ ಸವಾರರು. ಅವರ ಕೋರಿನ ಹೆಸರು ಕ್ಯಾನ್‌ಬೆರಾದಲ್ಲಿದೆ, ಅವರ ಹೆಸರಿಲ್ಲ.

ಇದಕ್ಕೊಂದು ಸಿದ್ಧ ಉತ್ತರ ಉಂಟು: ಸ್ಮಾರಕಕ್ಕೆ ದುಡ್ಡು ಹಾಕಿದ್ದು ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನ ಸೈನಿಕರು, ಸರ್ಕಾರಗಳು, ತಮ್ಮವರ ಹೆಸರು ಕೆತ್ತಿಸಿಕೊಂಡರು, ತಪ್ಪೇನು? ತಪ್ಪೇನೂ ಇಲ್ಲ. ದುಡ್ಡು ಕೊಟ್ಟವರು ತಮ್ಮ ಹೆಸರು ಹಾಕಿಸಿಕೊಳ್ಳಲಿ. ಇಡೀ ದಂಡಿನ ಹೆಸರನ್ನು ಮಾತ್ರ ಯಾಕೆ ಹಾಕಿಸಿಕೊಂಡರು? ಆನ್ಜಾಕ್ ಸವಾರರ ಸ್ಮಾರಕ ಎಂದಿದ್ದರೆ ನನ್ನ ಬಾಯಿ ಕಟ್ಟಿಹೋಗುತ್ತಿತ್ತು. ದೆಹಲಿಯಲ್ಲಿ ಲಿಯೊನಾರ್ಡ್ ಜೆನ್ನಿಂಗ್ಸ್ ಮಾಡಿದ ತೀನ್ ಮೂರ್ತಿಯ ಮೂರು ಆಳುಗಳು ಹೈದರಾಬಾದ್, ಜೋಧಪುರ, ಮೈಸೂರು ಸಂಸ್ಥಾನಗಳಿಗೆ ನಿಂತವರು, ನಾಲ್ಕನೆಯವರ ಪಾಲನ್ನು ಅವರು ಕೇಳುವುದಿಲ್ಲ. ಬೆಂಗಳೂರಿನ ಜೆ.ಸಿ. ನಗರದ ಸ್ಮಾರಕ ಸ್ತಂಭವೂ ಅಷ್ಟೇ: ಅದು ಮೈಸೂರು ಲಾನ್ಸರ್ಸ್‌ನದು, ಹಾಗೆಂದೇ ಹೇಳುತ್ತದೆ.

ಇದನ್ನು ನಾಡಾಭಿಮಾನದ ಅಹವಾಲೆಂದು ಓದಬೇಡಿ. ಪ್ರತಿ ಸೆಪ್ಟೆಂಬರ್ ಬಂತೆಂದರೆ ಹೈಫಾ ವೀರರ ಸಂದೇಶಗಳು ಫೋನಿನಿಂದ ಫೋನಿಗೆ ಹರಿದಾಡುತ್ತವೆ. ಭರ್ಜಿ ಹಿಡಿದು ಮಷಿನ್‌ಗನ್ನಿಗೆ ಎದೆಯೊಡ್ಡಿದ ನಮ್ಮವರು ಇತ್ಯಾದಿ. ಎದೆಯೊಡ್ಡಿದ್ದು ನಿಜ. ಯಾರಿಗಾಗಿ ಎಂದು ಕೇಳಿದರೆ ಸಂದೇಶ ಕಳಿಸಿದವರು ಸಿಟ್ಟಾಗುತ್ತಾರೆ. ಯುದ್ಧ ಶುರುವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಬ್ರಿಟಿಷರಿಗೆ 50 ಲಕ್ಷ ರೂಪಾಯಿ ಕೊಟ್ಟರು, ಜೊತೆಗೆ ಕುದುರೆ ಸವಾರರನ್ನೂ ಕೊಟ್ಟರು. ಆ ಕುದುರೆಗಳು ತುಳಿದ ನೆಲ ಹೋದದ್ದು ಒಂದು ಸಾಮ್ರಾಜ್ಯದ ಕೈಯಿಂದ ಇನ್ನೊಂದರ ಕೈಗೆ. ಮೈಸೂರಿನವನನ್ನೂ ಪೀಠಕ್ಕೆ ಹತ್ತಿಸಿದರೆ ಸುಳ್ಳಿಗೆ ಒಬ್ಬ ಪಾಲುದಾರ ಹೆಚ್ಚಿದಂತೆ, ಅಷ್ಟೇ. ಅವನು ಅಲ್ಲಿಲ್ಲ ಎಂಬುದನ್ನು ನಾನು ಎತ್ತಿದ್ದು, ಆ ಪೀಠ ಇನ್ನೂ ಏನೇನನ್ನು ಕೈಬಿಟ್ಟಿದೆ ಎಂದು ಹುಡುಕಲು ಅದು ದಾರಿ ತೋರಿಸುವುದರಿಂದ.

ಕೈಬಿಟ್ಟದ್ದು ಬಹಳ. 1918ರ ಡಿಸೆಂಬರ್, ಯುದ್ಧ ಮುಗಿದಾಗಿತ್ತು. ಪ್ಯಾಲೆಸ್ಟೈನಿನ ಸುರಾಫೆಂದ್ ಎಂಬ ಹಳ್ಳಿಯ ಹತ್ತಿರ ಬೀಡುಬಿಟ್ಟಿದ್ದ ಆನ್ಜಾಕ್ ಮೌಂಟೆಡ್ ಡಿವಿಷನ್ನಿನಲ್ಲಿ ಒಬ್ಬ ನ್ಯೂಜಿಲೆಂಡ್ ಸೈನಿಕನನ್ನು ರಾತ್ರಿ ಯಾರೋ ಕಳ್ಳ ಕೊಂದ. ಮರುದಿನ ನ್ಯೂಜಿಲೆಂಡಿನವರು, ಅವರ ಜೊತೆಗೆ ಆಸ್ಟ್ರೇಲಿಯದವರು, ಹಳ್ಳಿಯನ್ನು ಸುತ್ತುವರಿದು ಹೆಂಗಸರು ಮಕ್ಕಳನ್ನು ಹೊರಗೆ ಕಳಿಸಿ, ಹತ್ತಾರು ಗಂಡಸರನ್ನು ಕೊಂದು ಊರಿಗೆ ಬೆಂಕಿ ಇಟ್ಟರು. ಆಲೆನ್ಬಿ ಇಡೀ ಡಿವಿಷನ್ನನ್ನು ನಿಲ್ಲಿಸಿ ಉಗಿದ. ಯಾರಿಗೂ ಶಿಕ್ಷೆಯಾಗಲಿಲ್ಲ. ಈಗ ಮತ್ತೆ ಕಂಚಿನ ಗುಂಪನ್ನು ನೋಡಿ: ಕುದುರೆಗೆ ಪೆಟ್ಟಾದ ನ್ಯೂಜಿಲೆಂಡಿನವನ ಬೆಂಬಲಕ್ಕೆ ನುಗ್ಗುವ ಆಸ್ಟ್ರೇಲಿಯದವನು. ಶಿಲ್ಪಿಗೆ ಸುರಾಫೆಂದ್ ಮನಸ್ಸಿನಲ್ಲಿತ್ತು ಎಂದು ನಾನು ಹೇಳುತ್ತಿಲ್ಲ. ಆ ಗೆಳೆತನದ ಇನ್ನೊಂದು ಮಗ್ಗುಲು ಹೀಗೂ ಇತ್ತು, ಕಂಚು ಒಂದೇ ಮಗ್ಗುಲನ್ನು ಎರಕ ಹೊಯ್ಯಿತು. 1919ರಲ್ಲಿ ಈಜಿಪ್ಟಿನ ಜನ ಬ್ರಿಟಿಷರ ವಿರುದ್ಧ ಎದ್ದಾಗ, ಊರಿಗೆ ಹಡಗು ಹತ್ತಬೇಕಿದ್ದ ಇದೇ ಲೈಟ್ ಹಾರ್ಸ್ ಸವಾರರನ್ನು ಹಳ್ಳಿ ಹಳ್ಳಿಗೆ ಅಟ್ಟಿ ದಂಗೆಯನ್ನು ಅಡಗಿಸಿದರು.

ಈ ಪ್ರತಿಮೆಯ ಮೊದಲ ಪ್ರತಿಯನ್ನು ನಿಲ್ಲಿಸಿದ್ದೂ ಈಜಿಪ್ಟಿನಲ್ಲೇ, ಪೋರ್ಟ್ ಸೈದ್‌ನ ಕಡಲ ದಂಡೆಯಲ್ಲಿ, 1932ರಲ್ಲಿ. 1956ರ ಸೂಯೆಜ್ ಬಿಕ್ಕಟ್ಟಿನಲ್ಲಿ ಅಲ್ಲಿಯ ಜನ ಅದನ್ನು ಒಡೆದು ಹಾಕಿದರು. ಆಸ್ಟ್ರೇಲಿಯದ ಬರಹಗಳಲ್ಲಿ ಇದನ್ನು ಪುಂಡರ ಕೆಲಸವೆಂದು ಒಂದು ವಾಕ್ಯದಲ್ಲಿ ದಾಟಿಬಿಡುವುದು ವಾಡಿಕೆ. ಈ ಪ್ರತಿಮೆಯ ಬಗ್ಗೆ ಬಂದ ಅತ್ಯಂತ ಗಂಭೀರವಾದ ವಿಮರ್ಶೆ ಅದು ಎಂದು ನನ್ನ ಎಣಿಕೆ. ಚೌಕಟ್ಟಿನ ಹೊರಗಿಟ್ಟಿದ್ದ ಮುಖವಿಲ್ಲದ ಶತ್ರು ಚೌಕಟ್ಟಿನೊಳಗೆ ಬಂದ. ಆಮೇಲೆ ಅದರ ಪ್ರತಿ ಪಶ್ಚಿಮ ಆಸ್ಟ್ರೇಲಿಯದ ಆಲ್ಬನಿಯಲ್ಲಿ 1964ರಲ್ಲಿ, ಶಿಲ್ಪಿ ರೇ ಎವರ್ಸ್‌ನ ಕೈಯಿಂದ ಹೊಸದಾಗಿ ಎರಕವಾಗಿ ಕ್ಯಾನ್‌ಬೆರಾದಲ್ಲಿ 1968ರಲ್ಲಿ ಎದ್ದು ನಿಂತಿತು. ವಾದಿಸುವವರು ಯಾರೂ ಬಾರದಷ್ಟು ದೂರದಲ್ಲಿ.

ಪೆರೇಡಿನಲ್ಲಿ ಶತ್ರುವಿಗೆ ಜಾಗವೇ ಇಲ್ಲವೆಂದಲ್ಲ. ಅತಾತುರ್ಕ್‌ನ ಅರ್ಧಚಂದ್ರದ ಗೋಡೆ ಇದೆ. ನಮ್ಮ ನೆಲದಲ್ಲಿ ಸತ್ತ ನಿಮ್ಮ ಮಕ್ಕಳು ಈಗ ನಮ್ಮ ಮಕ್ಕಳೂ ಹೌದೆಂದು ದೂರದೇಶದ ತಾಯಂದಿರಿಗೆ ಸಾಂತ್ವನ ಹೇಳುವ ಮಾತು ಅಲ್ಲಿದೆ, 1934ರಲ್ಲಿ ಅವನು ಆಡಿದ್ದೆಂದು. ಅದನ್ನು ಓದಿ ಕಣ್ಣೊರೆಸಿಕೊಳ್ಳುವವರನ್ನು ಕಾಣಬಹುದು. ಟರ್ಕಿಯ ಸಂಶೋಧಕ ಜೆಂಗಿಜ್ ಓಜಾಕಿಂಜಿ, ಆಸ್ಟ್ರೇಲಿಯದ ಡೇವಿಡ್ ಸ್ಟೀಫನ್ಸ್ ಮೊದಲಾದವರು ಇದರ ಬೇರು ಹಿಡಿದು ಹೋದರು. ಆ ಕಾಲದ ದಾಖಲೆ ಸಿಗಲಿಲ್ಲ. ಮಾತು ಮೊದಲು ಕಾಣಿಸುವುದು 1953ರಲ್ಲಿ, ಅತಾತುರ್ಕ್‌ನ ಮಂತ್ರಿಯಾಗಿದ್ದ ಶುಕ್ರು ಕಾಯಾ ಕೊಟ್ಟ ಸಂದರ್ಶನವೊಂದರಲ್ಲಿ. ಎಲ್ಲರೂ ಉದ್ಧರಿಸುವ, ಎರಡು ಕಡೆಯ ಹುಡುಗರಲ್ಲಿ ಭೇದವಿಲ್ಲವೆಂಬ ಸಾಲಂತೂ 1970ರ ದಶಕದ ಕೊನೆಯಲ್ಲಿ ಟರ್ಕಿಗೂ ಆಸ್ಟ್ರೇಲಿಯಕ್ಕೂ ನಡುವೆ ಓಡಾಡಿದ ಪತ್ರಗಳಲ್ಲಿ ಸೇರಿಕೊಂಡದ್ದು ಎಂದು ಇವರ ವಾದ. ಒಳ್ಳೆಯ ಕೆಲಸ, ಪ್ರಾಮಾಣಿಕವಾದ ಕೆಲಸ. ಆದರೆ ಇವರ ಶ್ರಮವೆಲ್ಲ ಮಾತು ಅಸಲಿಯೋ ನಕಲಿಯೋ ಎನ್ನುವುದರಲ್ಲೇ ಮುಗಿದುಹೋಗುತ್ತದೆ. ನಾಳೆ ಅಂಕಾರಾದ ಕಪಾಟಿನಿಂದ ಅತಾತುರ್ಕ್‌ನ ಕೈಬರಹವೇ ಸಿಕ್ಕಿತೆನ್ನಿ, ಪೆರೇಡಿನ ಮೇಲಿನ ಆಕ್ಷೇಪ ಒಂದು ಕೂದಲೂ ಕೊಂಕುವುದಿಲ್ಲ. ಹುಡುಕಿ ಹುಡುಕಿ ಕರೆದು ಗೋಡೆ ಕಟ್ಟಿಸಿಕೊಟ್ಟದ್ದು ಕ್ಷಮಿಸಿದ ಶತ್ರುವಿಗೆ. ಪ್ರತಿಮೆ ಒಡೆದ ಪೋರ್ಟ್ ಸೈದ್‌ನವನಿಗೆ ಇಲ್ಲಿ ಅರ್ಜಿ ನಮೂನೆಯೂ ಸಿಗದು.

ಆಸ್ಟ್ರೇಲಿಯದೊಳಗಿನ ಶತ್ರುವಿಗಂತೂ ಇಲ್ಲವೇ ಇಲ್ಲ. 1788ರಿಂದ ಇಪ್ಪತ್ತನೆಯ ಶತಮಾನದವರೆಗೂ ಮೂಲನಿವಾಸಿಗಳ ನೆಲ ಕಸಿಯಲು ನಡೆದ ಕಾದಾಟಗಳ ಬಗ್ಗೆ ಇಡೀ ರಸ್ತೆಯಲ್ಲಿ ಒಂದು ಅಂಕಣವಿಲ್ಲ. ಸೈನ್ಯದಲ್ಲಿ ದುಡಿದ ಮೂಲನಿವಾಸಿಗಳ ನೆನಪಿಗೆ ಯುದ್ಧ ಸ್ಮಾರಕದ ಹಿಂದೆ, ಗುಡ್ಡ ಹತ್ತುವ ಕಾಲುದಾರಿಯ ಬದಿಯ ಬಂಡೆಯ ಮೇಲೆ ಒಂದು ಸಣ್ಣ ಫಲಕವಿದೆ. ಸೈನ್ಯದ ವಿರುದ್ಧ, ಪೊಲೀಸರ ವಿರುದ್ಧ ನಿಂತವರಿಗೆ ಆ ಬಂಡೆಯೂ ಇಲ್ಲ. ಇತಿಹಾಸಕಾರ ಹೆನ್ರಿ ರೆನಾಲ್ಡ್ಸ್ ದಶಕಗಳಿಂದ ಇದನ್ನೇ ಹೇಳುತ್ತ ಬಂದಿದ್ದಾರೆ: ಅವು ಚಿಲ್ಲರೆ ಗಲಭೆಗಳಲ್ಲ, ನೆಲಕ್ಕಾಗಿ, ಒಡೆತನಕ್ಕಾಗಿ ನಡೆದ ಯುದ್ಧಗಳು, ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಅವಕ್ಕೆ ಸ್ಥಾನವಿರಬೇಕು. ಎದುರು ಪಕ್ಷದವರು, ಸ್ಮಾರಕವಿರುವುದು ಆಸ್ಟ್ರೇಲಿಯದ ಸೇನೆಯಲ್ಲಿದ್ದು ಹೊರದೇಶಗಳಲ್ಲಿ ಕಾದಿದವರಿಗೆ, ಉಳಿದದ್ದು ಸರೋವರದ ದಡದ ರಾಷ್ಟ್ರೀಯ ಮ್ಯೂಸಿಯಮ್ಮಿಗೆ ಹೋಗಲಿ ಎಂದರು. 2022ರಲ್ಲಿ ಸ್ಮಾರಕದ ಆಡಳಿತ ಮಂಡಳಿಯ ಅಧ್ಯಕ್ಷ ಬ್ರೆಂಡನ್ ನೆಲ್ಸನ್ ಮೂಲನಿವಾಸಿಗಳ ಮೇಲಿನ ಹಿಂಸೆಯನ್ನು ಇನ್ನಷ್ಟು ವಿಸ್ತಾರವಾಗಿ ತೋರಿಸುವುದಾಗಿ ಹೇಳಿದ ಮೇಲೆ ಜಗಳ ಮತ್ತೆ ಬಿಸಿಯಾಯಿತು.

ಎದುರು ಪಕ್ಷದ ವಾದಕ್ಕೆ ಹೆಚ್ಚು ಉತ್ತರ ಬೇಕಿಲ್ಲ. ಬೋಅರ್ ಯುದ್ಧಕ್ಕೆ ಆಳು ಕಳಿಸಲು ಶುರುಮಾಡಿದ 1899ರಲ್ಲಿ ಆಸ್ಟ್ರೇಲಿಯ ಎಂಬ ಒಕ್ಕೂಟವೇ ಹುಟ್ಟಿರಲಿಲ್ಲ. ಹೋದವರು ಬೇರೆ ಬೇರೆ ವಸಾಹತುಗಳ ಆಳುಗಳು. ಅವರಿಗೆ ಪೆರೇಡಿನಲ್ಲಿ ನಾಲ್ಕು ಕಂಚಿನ ಸವಾರರು ಎದ್ದಿದ್ದಾರೆ. ನಿಯಮ ಯಾರಿಗೆ ಸಡಿಲ, ಯಾರಿಗೆ ಬಿಗಿ ಎಂದು ಅಲ್ಲೇ ತಿಳಿಯಿತು. ನನಗೆ ಜಗಳವಿರುವುದು ರೆನಾಲ್ಡ್ಸ್ ಹಾದಿಯಲ್ಲಿ ನಡೆಯುವ ಒಳ್ಳೆಯವರ ಜೊತೆ. ಅವರ ಇತಿಹಾಸ ಸರಿ. ಅವರಲ್ಲಿ ಕೆಲವರು ಸೂಚಿಸುವ ಪರಿಹಾರ, ಪೆರೇಡಿನಲ್ಲಿ ಆ ಯುದ್ಧಗಳಿಗೂ ಒಂದು ಸ್ಮಾರಕ ಎಂಬುದು, ಈ ರಸ್ತೆಯ ವ್ಯಾಕರಣಕ್ಕೆ ಸೋತು ಹೇಳಿದ ಮಾತು. ಒಂದು ಅಂಕಣ ಕೊಟ್ಟರೆಂದಿಟ್ಟುಕೊಳ್ಳೋಣ. ಎಡಕ್ಕೆ ವಾಯುಪಡೆ, ಬಲಕ್ಕೆ ದಾದಿಯರು, ನಡುವೆ ಸೋತುಹೋದ ನಾಡು. ಅದೇ ಅಳತೆ, ಅದೇ ಗ್ರಾನೈಟು, ಉದ್ಘಾಟನೆಗೆ ಪ್ರಧಾನಿ. ನೆಲ ಕಸಿದ ಯುದ್ಧ ಹದಿಮೂರು ಹದಿನಾಲ್ಕು ಸ್ಮಾರಕಗಳಲ್ಲಿ ಒಂದಾಗುತ್ತದೆ. ಅದು ಉಳಿದವುಗಳ ಪಕ್ಕದ ಯುದ್ಧವೇ ಅಲ್ಲ. ಈ ರಸ್ತೆಯ ಅಡಿಯ ನೆಲವೇ ಅದರ ವಸ್ತು.

ಅಷ್ಟೇ ಅಲ್ಲ, ಅದು ಬೇರೆ ಯಾರೋ ಮಾಡಿದ ಬೇರೆ ಯುದ್ಧವೂ ಅಲ್ಲ. 1928ರಲ್ಲಿ ಮಧ್ಯ ಆಸ್ಟ್ರೇಲಿಯದ ಕೋನಿಸ್ಟನ್ನಿನಲ್ಲಿ ಒಬ್ಬ ಬಿಳಿಯನ ಕೊಲೆಗೆ ಪ್ರತಿಯಾಗಿ ಕುದುರೆ ಏರಿ ಹೊರಟ ತಂಡಗಳು ವಾರಗಟ್ಟಲೆ ವಾರ್ಲ್‌ಪಿರಿ ಮತ್ತಿತರ ಜನರನ್ನು ಬೇಟೆಯಾಡಿದವು. ಸರ್ಕಾರವೇ ಒಪ್ಪಿಕೊಂಡ ಸಾವು 31. ಅಲ್ಲಿಯವರ ನೆನಪಿನ ಲೆಕ್ಕ ಅದಕ್ಕಿಂತ ಎಷ್ಟೋ ಹೆಚ್ಚು. ತಂಡದ ಮುಂದಾಳಾಗಿದ್ದ ಕುದುರೆ ಪೊಲೀಸ್ ಪೇದೆ ಮೊದಲ ಮಹಾಯುದ್ಧದಲ್ಲಿ ಕಾದಿ ಮರಳಿದವನು. ವಿಚಾರಣಾ ಮಂಡಳಿ ಕೊಂದವರ ತಪ್ಪಿಲ್ಲ ಎಂದಿತು. ಸುರಾಫೆಂದ್‌ನಲ್ಲಿ ನಡೆದದ್ದಕ್ಕೂ ಇದಕ್ಕೂ ನಡುವೆ ಹತ್ತು ವರ್ಷ. ಒಬ್ಬ ತಮ್ಮವನ ಸಾವಿಗೆ ಒಂದಿಡೀ ಜನವನ್ನು ಶಿಕ್ಷಿಸುವ ಅದೇ ರೂಢಿ. ಇದನ್ನು ಬಿಡಿಸಿ ತೆಗೆದು ಪಕ್ಕದ ಸೈಟಿನಲ್ಲಿಟ್ಟರೆ, ಡೆಸರ್ಟ್ ಮೌಂಟೆಡ್ ಕೋರಿನ ಆಸ್ಟ್ರೇಲಿಯದವನು ತನ್ನ ಪೀಠದ ಮೇಲೆ ಇನ್ನಷ್ಟು ನಿರುಮ್ಮಳವಾಗಿರಬಹುದು.

ನೆಲ ಕಳೆದುಕೊಂಡವರಿಗೆ ಇದು ನಮಗಿಂತ ಮೊದಲೇ ಗೊತ್ತಿತ್ತು. 1972ರ ಜನವರಿ 26ರಂದು ಕೆಲವು ಮೂಲನಿವಾಸಿ ಯುವಕರು ಹಳೆಯ ಸಂಸತ್ತಿನ ಎದುರಿನ ಹುಲ್ಲಿನ ಮೇಲೆ ಒಂದು ಕಡಲತೀರದ ಕೊಡೆ ನೆಟ್ಟು ಕೂತರು; ತಮ್ಮದೇ ದೇಶದಲ್ಲಿ ಪರದೇಶಿಗಳಾದ ತಮಗೆ ಇದೇ ರಾಯಭಾರ ಕಚೇರಿ ಎಂದರು. ಆ ಹುಲ್ಲುಹಾಸು ಪೆರೇಡಿನ ಗೆರೆಯಲ್ಲೇ, ಸರೋವರದ ಆಚೆ ಬದಿಗಿದೆ. ಅವರು ಸೈಟಿಗೆ ಅರ್ಜಿ ಹಾಕಲಿಲ್ಲ, ಡೇರೆ ಹಾಕಿದರು. ಪೊಲೀಸರು ಕಿತ್ತರು, ಮತ್ತೆ ಹಾಕಿದರು. ನಯಸಾಣೆಯಿಲ್ಲ, ಉದ್ಯಾನ ಶಿಲ್ಪಿಯಿಲ್ಲ. ಗ್ರಿಫಿನ್‌ನ ಸೊಗಸಾದ ನೋಟಕ್ಕೆ ಅದು ಕಲೆ ಎಂದು ಮುನಿಸಿಕೊಂಡವರುಂಟು. ಪೆರೇಡಿನ ಅಭಿಮಾನಿಗಳ ಪುಸ್ತಕಗಳಲ್ಲಿ ಈ ಡೇರೆಗೆ ಬೇರೆ ಅಧ್ಯಾಯ, ಸ್ಮಾರಕಗಳಿಗೆ ಬೇರೆ ಅಧ್ಯಾಯ. ಎರಡನ್ನೂ ಒಂದೇ ಗೆರೆಯ ಮೇಲೆ ಓದದವರು ಆ ಗೆರೆಯ ಬಗ್ಗೆ ಬರೆಯದಿರುವುದೇ ಒಳ್ಳೆಯದು.

ಹಾಗಾದರೆ ಏನು ಮಾಡಬೇಕು? ಯುದ್ಧ ಸ್ಮಾರಕವನ್ನು ಹಿಗ್ಗಿಸಲು 2018ರಲ್ಲಿ ಸುಮಾರು 50 ಕೋಟಿ ಡಾಲರ್ ಘೋಷಿಸಿದರು, ಪ್ರಶಸ್ತಿ ಗೆದ್ದಿದ್ದ, ಕಟ್ಟಿ ಇಪ್ಪತ್ತು ವರ್ಷವಷ್ಟೇ ಆಗಿದ್ದ ಆನ್ಜಾಕ್ ಹಾಲನ್ನು ಅದಕ್ಕಾಗಿ ಕೆಡವಿದರು. ಅಂಥದ್ದೇನೂ ಬೇಡ. ಪೆರೇಡಿನಲ್ಲಿ ಉಳಿದಿರುವ ಖಾಲಿ ಅಂಕಣಗಳನ್ನು ಯಾರಿಗೂ ಕೊಡಬೇಡಿ, ಮರ ಬೆಳೆಯಲಿ. ಇರುವ ಪೀಠಗಳ ಬರಹವನ್ನು ತಿದ್ದಿ. ಕೆತ್ತಿದ್ದನ್ನು ಮುಟ್ಟಬಾರದೆಂಬ ಶಾಸ್ತ್ರವೇನೂ ಅಲ್ಲಿಲ್ಲ: ಅಜ್ಞಾತ ಸೈನಿಕನ ಸಮಾಧಿಯ ಮೇಲೆ ದೇವರ ಹೆಸರಿರುವ ಸಾಲನ್ನು ಉಳಿಸಬೇಕೋ, ಹಿಂದಿನ ಪ್ರಧಾನಿ ಪಾಲ್ ಕೀಟಿಂಗ್‌ನ ಭಾಷಣದ ಸಾಲನ್ನು ಹಾಕಬೇಕೋ ಎಂದು 2013ರಲ್ಲಿ ಗದ್ದಲವಾಗಿ, ಕೊನೆಗೆ ಎರಡನ್ನೂ ಇಟ್ಟುಕೊಂಡರು. ಡೆಸರ್ಟ್ ಮೌಂಟೆಡ್ ಕೋರಿನ ಪೀಠಕ್ಕೆ ನಾಲ್ಕು ಸಾಲು ಸಾಕು. ಈ ದಂಡಿನಲ್ಲಿ ಭಾರತದ ಸವಾರರಿದ್ದರು, ಹೈದರಾಬಾದ್, ಜೋಧಪುರ, ಮೈಸೂರಿನವರೂ ಇದ್ದರು. ಈ ದಂಡಿನವರು ಸುರಾಫೆಂದ್ ಎಂಬ ಹಳ್ಳಿಯನ್ನು ಸುಟ್ಟರು. ಈಜಿಪ್ಟಿನ ದಂಗೆಯನ್ನು ಅಡಗಿಸಿದರು. ಈ ಪ್ರತಿಮೆಯನ್ನು ಪೋರ್ಟ್ ಸೈದ್‌ನ ಜನ 1956ರಲ್ಲಿ ಒಡೆದರು. ಗ್ಯಾಲಿಪೊಲಿಯಲ್ಲಿದ್ದ ಭಾರತೀಯರ ಬಗ್ಗೆ 2015ರಲ್ಲಿ ಇಡೀ ಪುಸ್ತಕವನ್ನೇ ಬರೆದ ಪೀಟರ್ ಸ್ಟ್ಯಾನ್ಲಿಯಂಥ ಇತಿಹಾಸಕಾರರು ಅಲ್ಲೇ ಇರುವಾಗ ಮೊದಲ ಸಾಲಿಗೆ ವಿರೋಧ ಬರಲಾರದು. ರಾಯಭಾರಿಗಳು ಬಂದು ಹಾರ ಹಾಕಿ ಹೋಗುತ್ತಾರೆ, ನಮ್ಮ ಪ್ರವಾಸಕಥನಗಳಿಗೆ ಇನ್ನೊಂದು ಪ್ಯಾರಾ ಸಿಗುತ್ತದೆ. ಉಳಿದ ಮೂರು ಸಾಲುಗಳನ್ನು ಕೆತ್ತಲು ಒಪ್ಪುವವರೆಗೆ ಆ ರಸ್ತೆಯ ಮೌನವನ್ನು ಸಂಯಮ ಎಂದು ಕರೆಯಲು ನಾನು ತಯಾರಿಲ್ಲ.